ಬಾಗಿಲ ಪಕ್ಕದ ಮೊಳೆ

ಜಗತ್ತಿನ ಅತಿ ದೊಡ್ಡ ಜಾಜ್ ಪಿಯಾನೊ ವಾದಕರು ಯಾರು ಎಂಬ ಜಗಳಕ್ಕೆ ಆ ಭಾನುವಾರ ಒಂಬತ್ತು ವಾರ ತುಂಬಿತು. ಒಂಬತ್ತು ವಾರದಲ್ಲಿ ಮನಸ್ಸು ಮಾಡಿದವರು ಒಂದು ಮನೆಯ ಗೋಡೆಗಳನ್ನೇ ಎಬ್ಬಿಸಿಬಿಡುತ್ತಾರೆ. ಹಳೆಯ ಹೋಟೆಲಿನ ಲೌಂಜಿನಲ್ಲಿ ವಾರವಾರ ಸಂಜೆ ನಾಲ್ಕಕ್ಕೆ ಸೇರುವ ಜಾಜ್ ಕೇಳುಗರ ಸಂಘಕ್ಕೆ ಮಾತ್ರ ಹತ್ತು ಜನರ ಒಂದು ಪಟ್ಟಿ ಮಾಡಿ ಮುಗಿಸಲು ಆಗಿರಲಿಲ್ಲ.

ಪಟ್ಟಿಯಲ್ಲಿದ್ದವರಿಗೆ ಹೆಸರುಗಳೂ ಇರಲಿಲ್ಲ. ಮೊದಲನೆಯ ವಾರವೇ ದೂರದೇಶದ ಒಬ್ಬ ವಾದಕನ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂಬುದರ ಮೇಲೆ ಪ್ರೊಫೆಸರಿಗೂ ಹಲ್ಲಿನ ಡಾಕ್ಟರಿಗೂ ಕೈಕೈ ಮಿಲಾಯಿಸುವಷ್ಟಾಗಿ, ಇನ್ನು ಮುಂದೆ ಎಲ್ಲರನ್ನೂ ಅಡ್ಡಹೆಸರಿನಿಂದಲೇ ಕರೆಯತಕ್ಕದ್ದು ಎಂದು ಠರಾವಾಗಿತ್ತು. ಹೀಗಾಗಿ ಪಟ್ಟಿಯಲ್ಲಿ ಬಿರುಗಾಳಿ ಇದ್ದ, ನಿದ್ದೆಗಣ್ಣ ಇದ್ದ, ಗೊಣಗುವ ಮುದುಕ ಇದ್ದ. ಹೊರಗಿನವರು ಯಾರಾದರೂ ಕೇಳಿಸಿಕೊಂಡಿದ್ದರೆ ಕಳ್ಳರ ಗುಂಪಿನ ಮಾತು ಅಂದುಕೊಳ್ಳುತ್ತಿದ್ದರು.

ಕೇಳಿಸಿಕೊಳ್ಳುತ್ತಿದ್ದವಳು ಶ್ರುತಿಯಮ್ಮ ಒಬ್ಬಳೇ. ಅದು ಅವಳ ನಿಜವಾದ ಹೆಸರಲ್ಲ. ಹದಿನೈದು ದಿನಕ್ಕೊಮ್ಮೆ ಚೀಲ ಹಿಡಿದುಕೊಂಡು ಬಂದು, ಲೌಂಜಿನ ಗೋಡೆಗೆ ಒರಗಿ ನಿಂತ ಪಿಯಾನೊವನ್ನು ಬಿಚ್ಚಿ, ಬಿರಡೆ ತಿರುಗಿಸಿ, ತಂತಿಗಳನ್ನು ಶ್ರುತಿಗೆ ಕೂಡಿಸಿ ಹೋಗುವವಳಿಗೆ ಬೇರೆ ಹೆಸರು ಯಾಕೆ ಬೇಕು ಎಂದು ಯಾರೋ ಇಟ್ಟದ್ದು ಹಾಗೇ ನಿಂತುಬಿಟ್ಟಿತ್ತು. ಐವತ್ತೇಳು ವರ್ಷ ವಯಸ್ಸು, ಅದರಲ್ಲಿ ನಲವತ್ತು ವರ್ಷ ಈ ಒಂದೇ ಕೆಲಸ. ಸಂಘದವರು ನಾಲ್ಕಕ್ಕೆ ಮುಂಚೆಯೇ ಬಂದು ಗದ್ದಲ ಶುರುಮಾಡಿದರೆ ಅವಳು ಕಿವಿಯನ್ನು ಪಿಯಾನೊದ ಹೊಟ್ಟೆಯೊಳಗೇ ಇಟ್ಟು ಕೆಲಸ ಮಾಡಬೇಕಾಗುತ್ತಿತ್ತು. ಅವರ ಕಣ್ಣಿಗೆ ಅವಳೂ ಪಿಯಾನೊದ ಒಂದು ಭಾಗವೇ. ಪಿಯಾನೊದ ಅಭಿಪ್ರಾಯವನ್ನು ಯಾರು ಕೇಳುತ್ತಾರೆ.

“ಅಲ್ಲಿಗೆ ಒಂದನೇ ಜಾಗ ಇತ್ಯರ್ಥ ಆಯ್ತು,” ಎಂದರು ಪ್ರೊಫೆಸರು. ಅವರು ಸಂಘದ ಅಧ್ಯಕ್ಷರು. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಸಂಗೀತವನ್ನೂ ಗಾಜಿನ ನಳಿಕೆಯಲ್ಲಿ ಹಿಡಿದು ಬೆಳಕಿಗೆ ನೋಡುವವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. “ಬಿರುಗಾಳಿಗೆ ವೇಗ ಇದೆ, ನಿದ್ದೆಗಣ್ಣನಿಗೆ ಭಾವ ಇದೆ, ಒಪ್ತೀನಿ. ಆದ್ರೆ ಇರೋ ಸ್ವರಾನ ನುಡಿಸೋದು ಯಾರಿಗಾದ್ರೂ ಬರುತ್ತೆ. ಕೈಗೆ ಸಿಕ್ಕಿದ್ದನ್ನ ಬಿಟ್ಟುಕೊಡೋದು ದೊಡ್ಡೋರಿಗೆ ಮಾತ್ರ. ಒಂದನೇದು ಚಿನ್ನದ ಬೆರಳಿಗೇ.”

ಚಿನ್ನದ ಬೆರಳು ಈ ಊರಿನವರೇ. ಇಪ್ಪತ್ತೆರಡನೇ ವಯಸ್ಸಿಗೆ ಊರು ಬಿಟ್ಟು, ರೆಕಾರ್ಡಿನ ಮೇಲೆ ರೆಕಾರ್ಡು ಮಾಡಿ, ದೇಶದೇಶಗಳಲ್ಲಿ ಹೆಸರಾದವರು. ಅವರದೊಂದು ವಿಶೇಷವಿತ್ತು. ಪಿಯಾನೊದ ನಡುಮಧ್ಯದ ಒಂದು ಕರಿ ಕೀಯನ್ನು ಅವರು ಎಂದೂ ಮುಟ್ಟುತ್ತಿರಲಿಲ್ಲ. ಯಾವ ರೆಕಾರ್ಡಿನಲ್ಲೂ ಇಲ್ಲ, ಯಾವ ಕಛೇರಿಯಲ್ಲೂ ಇಲ್ಲ. ಆ ಸ್ವರ ಬರಲೇಬೇಕಾದ ಜಾಗ ಬಂದರೆ ಅದರ ಕೆಳಗಿನದನ್ನು ತಾಕಿ, ಒಂದು ಉಸಿರಿನಷ್ಟು ತಡೆದು, ಮೇಲಿನದಕ್ಕೆ ದಾಟುತ್ತಿದ್ದರು. ಪ್ರೊಫೆಸರು ಇದರ ಮೇಲೆ ನಲವತ್ತೆಂಟು ಪುಟದ ಪುಸ್ತಕ ಬರೆದು ‘ತಡೆದ ಸ್ವರ’ ಎಂದು ಹೆಸರಿಟ್ಟಿದ್ದರು. ಆ ಸ್ವರ ತ್ಯಾಗವಂತೆ, ಕೇಳುವವನಿಗೆ ಬಿಟ್ಟ ಆಸನವಂತೆ, ಇನ್ನೂ ಏನೇನೋ ಅಂತೆ.

“ನನ್ನ ಪೇಶೆಂಟುಗಳೂ ಒಂದು ಪಕ್ಕದಲ್ಲಿ ಅಗಿಯೋದನ್ನೇ ಬಿಟ್ಟಿರ್ತಾರೆ,” ಎಂದರು ಹಲ್ಲಿನ ಡಾಕ್ಟರು. “ತ್ಯಾಗಕ್ಕಲ್ಲ, ನೋವಿಗೆ.”

“ನಿಮಗೆ ಎಲ್ಲಾನೂ ಹಲ್ಲೇ,” ಎಂದು ಪ್ರೊಫೆಸರು ಮೂಗು ಮುರಿದರು. ಬರುವ ಭಾನುವಾರ ಚಿನ್ನದ ಬೆರಳು ಖುದ್ದಾಗಿ ಬರುವವರಿದ್ದರು. ಅವರ ಎದುರಿಗೇ ಹತ್ತು ಜನರ ಬೋರ್ಡನ್ನು ಗೋಡೆಗೆ ಹಾಕುವುದೆಂದು ತೀರ್ಮಾನವಾಗಿತ್ತು.

“ಬೋರ್ಡು ಸಿದ್ಧ ಆಗಿದೆ ಸರ್, ಹೆಸರು ಬರೆಸೋದಷ್ಟೇ ಬಾಕಿ,” ಎಂದರು ಹೋಟೆಲಿನ ಮ್ಯಾನೇಜರು. “ಬಾಗಿಲ ಪಕ್ಕದ ಮೊಳೆಗೆ ಹಾಕಿದ್ರೆ ಬರೋರಿಗೆಲ್ಲ ಮೊದಲು ಅದೇ ಕಾಣುತ್ತೆ.”

ಶ್ರುತಿಯಮ್ಮ ಪಿಯಾನೊದಿಂದ ತಲೆ ಹೊರಗೆ ತೆಗೆದಳು. “ಆ ಮೊಳೆ ಖಾಲಿ ಇಲ್ವಲ್ಲ.”

ಖಾಲಿ ಇರಲಿಲ್ಲ. ಅದರಲ್ಲಿ ಅವಳ ದೊಡ್ಡಮ್ಮನ ಫೋಟೊ ಇತ್ತು. ಇದೇ ಪಿಯಾನೊದ ಮುಂದೆ, ತೋಳು ಮಡಚಿಕೊಂಡು, ಯಾರೋ ಕರೆದದ್ದಕ್ಕೆ ತಿರುಗಿ ನಗುತ್ತಿರುವ ಹೆಂಗಸು. ಮೂವತ್ತೊಂದು ವರ್ಷ, ವಾರಕ್ಕೆ ಆರು ದಿನ, ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಈ ಲೌಂಜಿನಲ್ಲಿ ಜಾಜ್ ನುಡಿಸಿದ ಹೆಂಗಸು. ಈಗ ಎಂಬತ್ನಾಲ್ಕಾಗಿ ಶ್ರುತಿಯಮ್ಮನ ಮನೆಯಲ್ಲೇ ಇದ್ದಾಳೆ.

“ಅದು ಹಳೇದಾಯ್ತಲ್ಲಮ್ಮ,” ಎಂದರು ಮ್ಯಾನೇಜರು. “ಸ್ಟೋರ್ ರೂಮಲ್ಲಿ ಭದ್ರವಾಗಿ ಇಡಿಸ್ತೀನಿ.”

“ಹಾಗಾದ್ರೆ ಅವರ ಹೆಸರನ್ನ ಪಟ್ಟಿಗೆ ಹಾಕಿ. ಮೊಳೆ ಅವರ ಹತ್ರಾನೇ ಉಳಿಯುತ್ತೆ.”

ಪ್ರೊಫೆಸರು ದಯೆಯಿಂದ ನಕ್ಕರು. ಬೈದಿದ್ದರೆ ಶ್ರುತಿಯಮ್ಮನಿಗೆ ಅಷ್ಟು ಉರಿಯುತ್ತಿರಲಿಲ್ಲ. “ನಿಮ್ಮ ದೊಡ್ಡಮ್ಮನ ಮೇಲೆ ನಮಗೆಲ್ಲ ಗೌರವ ಇದೆಯಮ್ಮ. ಆದ್ರೆ ಅವರು ನುಡಿಸಿದ್ದು ಜನ ಟೀ ಕುಡೀತಿರುವಾಗ. ಒಂದೇ ಒಂದು ರೆಕಾರ್ಡಿಲ್ಲ. ರೆಕಾರ್ಡಿಲ್ಲದೋರನ್ನ ಚರ್ಚೆ ಮಾಡೋದಾದ್ರೂ ಹೇಗೆ?”

“ಕೇಳಿದೋರನ್ನ ವಿಚಾರಿಸಿ.”

“ಕೇಳಿದೋರಿಗೆ ನೆನಪಿರೋದು ಬಿಸ್ಕತ್ತು,” ಎಂದರು ಪ್ರೊಫೆಸರು. ಎರಡು ಮೂರು ಜನ ನಕ್ಕರು.

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇವರಿಗೆ ಅದು ಗಿಡವೂ ಅಲ್ಲ. ಶ್ರುತಿಯಮ್ಮ ಬಿರಡೆ ತಿರುಗಿಸುವ ಹಿಡಿಯನ್ನು ಪಿಯಾನೊದ ಮೇಲೆ ಸದ್ದಾಗುವಂತೆ ಇಟ್ಟಳು. ನಲವತ್ತು ವರ್ಷದಲ್ಲಿ ಆ ಉಪಕರಣವನ್ನು ಅವಳು ಹಾಗೆ ಇಟ್ಟಿರಲಿಲ್ಲ.

“ನಿಮ್ಮ ಪುಸ್ತಕದ ಸ್ವರ ಇದೆಯಲ್ಲ ಸರ್, ಅದನ್ನ ಯಾರೂ ತಡೀಲಿಲ್ಲ. ಅದು ಇದೇ ಪಿಯಾನೊದಲ್ಲಿ ಮೂರು ವರ್ಷ ಇರ್ಲೇ ಇಲ್ಲ. ಒಳಗೆ ಬಿರಡೆ ಹಿಡಿಯೋ ಹಲಗೆ ಬಿರುಕು ಬಿಟ್ಟಿತ್ತು. ಆ ಒಂದು ಸ್ವರದ ಮೂರು ತಂತೀನೂ ನಿಲ್ತಿರಲಿಲ್ಲ, ನಮ್ಮಪ್ಪ ಬಿಚ್ಚಿ ಇಟ್ರು. ಆಗ ನನಗೆ ಹದಿನೇಳು, ಅಪ್ಪನ ಚೀಲ ಹೊತ್ಕೊಂಡು ಬರ್ತಿದ್ದೆ. ಮೂರು ವರ್ಷ ದೊಡ್ಡಮ್ಮ ಅದನ್ನ ದಾಟಿ ದಾಟಿ ನುಡಿಸಿದ್ರು. ನಿಮ್ಮ ಚಿನ್ನದ ಬೆರಳು ಆಗ ಇಲ್ಲೇ ಕೂತು ಕೇಳ್ತಿದ್ರು.”

“ಅಂದ್ರೆ ಅವರ ಶೈಲಿ ಕೆಟ್ಟ ಪಿಯಾನೊದ ನಕಲು ಅಂತೀರಾ?”

“ನಾನನ್ನಲ್ಲ. ಪಿಯಾನೊ ಅನ್ನುತ್ತೆ.”

“ನೀವು ಅವರ ತಂಗಿ ಮಗಳು. ನೀವು ಹೇಳದೆ ಇನ್ಯಾರು ಹೇಳ್ತಾರೆ? ಪುರಾವೆ ಏನಿದೆ?”

ಪುರಾವೆ ಇದ್ದರೆ ಅದು ಅವಳಿಂದ ಒಂದು ಮಾರು ದೂರದಲ್ಲೇ ಇತ್ತು. ಪಿಯಾನೊ ಕೆಲಸದವರಲ್ಲಿ ಒಂದು ರೂಢಿ. ದೊಡ್ಡ ರಿಪೇರಿ ಏನೇ ಮಾಡಲಿ, ಆ ಕೀಯನ್ನು ಹೊರತೆಗೆದು, ಹೊರಗೆ ಕಾಣದ ಅದರ ಮರದ ಮೈಮೇಲೆ ತಾರೀಖು, ವಿವರ, ರುಜು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾರೆ. ಮುಂದೆ ಬರುವ ಕೆಲಸದವನಿಗೆ ತಿಳಿಯಲಿ ಅಂತ. ಅಪ್ಪ ಆ ದಿನ ಏನೋ ಬರೆದದ್ದನ್ನು ಅವಳು ನೋಡಿದ್ದಳು. ಏನೆಂದು ಓದಿರಲಿಲ್ಲ.

ಪಿಯಾನೊದ ಮುಂಭಾಗದ ಹಲಗೆಯ ಮೇಲೆ ಕೈ ಇಟ್ಟವಳು ಹಾಗೇ ನಿಂತಳು. ಯಾರ ಮಾತನ್ನು ಎತ್ತುತ್ತಿದ್ದಾಳೋ ಅವರನ್ನೇ ಕೇಳಿರಲಿಲ್ಲ. “ಬರೋ ಭಾನುವಾರ ತೋರಿಸ್ತೀನಿ,” ಎಂದಷ್ಟೇ ಹೇಳಿ ಚೀಲ ಕಟ್ಟಿದಳು. ಹೋಗುವಾಗ ಬಾಗಿಲ ಪಕ್ಕದ ಫೋಟೊವನ್ನು ಇಳಿಸಿ, ಪಿಯಾನೊ ಒರೆಸುವ ಬಟ್ಟೆಯಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಳು. “ಸ್ಟೋರ್ ರೂಮಿಗೆ ಬೇಡ,” ಎಂದಳು ಮ್ಯಾನೇಜರಿಗೆ. ಗೋಡೆಯ ಮೇಲೆ ಮೊಳೆ, ಮೊಳೆಯ ಕೆಳಗೆ ಬಣ್ಣ ಮಾಸದ ಒಂದು ಚೌಕ ಉಳಿಯಿತು.

ಮನೆಯಲ್ಲಿ ದೊಡ್ಡಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಹತ್ತು ವರ್ಷದ ಕೀಲುನೋವು ಅವಳ ಬೆರಳುಗಳನ್ನು ಶುಂಠಿಯ ಹಾಗೆ ತಿರುಚಿಹಾಕಿತ್ತು. ಒಂದೊಂದು ಕಾಯಿಗೂ ಒಂದೊಂದು ಯುದ್ಧ. ಸಹಾಯಕ್ಕೆ ಕೈ ಚಾಚಿದರೆ ಮಾತ್ರ ಬೈಗುಳ ಕಟ್ಟಿಟ್ಟ ಬುತ್ತಿ. ಶ್ರುತಿಯಮ್ಮ ಫೋಟೊ ಮೇಜಿನ ಮೇಲಿಟ್ಟು ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಬಿಸ್ಕತ್ತಿನ ಮಾತನ್ನು ನುಂಗಿಕೊಳ್ಳೋಣವೆಂದುಕೊಂಡಿದ್ದಳು, ಅದೂ ಬಾಯಿಗೆ ಬಂತು.

“ಹತ್ತು ಜನಾನೋ ನೂರು ಜನಾನೋ ಬರ್ಕೊಳ್ಳಲಿ ಬಿಡು,” ಎಂದಳು ದೊಡ್ಡಮ್ಮ. “ಒಂದನೆಯವನು ಎರಡನೆಯವನು ಅನ್ನೋಕೆ ಇದೇನು ಓಟದ ಪಂದ್ಯಾನಾ. ಆದ್ರೆ ಆ ಮೊಳೆ ಹೊಡೆದಿದ್ದು ನಾನು ಕಣೇ.”

ಅದು ನಿಜ. ಹದಿನೇಳು ವರ್ಷದ ಹಿಂದೆ, ಕೊನೆಯ ದಿನ, ಹೋಟೆಲಿನವರು ಫೋಟೊ ಕೈಗಿಟ್ಟು, ಒಳ್ಳೆಯ ಜಾಗ ನೋಡಿ ಯಾವಾಗಲಾದರೂ ಹಾಕಿಸುತ್ತೇವೆ ಎಂದಿದ್ದರು. ಅವರ ‘ಯಾವಾಗಲಾದರೂ’ ಎಂಥದ್ದೆಂದು ಮೂವತ್ತೊಂದು ವರ್ಷ ನೋಡಿದ್ದ ದೊಡ್ಡಮ್ಮ, ಶ್ರುತಿಯಮ್ಮನ ಚೀಲದಿಂದ ಸುತ್ತಿಗೆ ಎತ್ತಿಕೊಂಡು, ಟೀ ಕುಡಿಯುವವರೆಲ್ಲ ನೋಡುತ್ತಿದ್ದ ಹಾಗೇ ಮೊಳೆ ಹೊಡೆದು ಫೋಟೊ ಹಾಕಿ ಮನೆಗೆ ಬಂದಿದ್ದಳು.

“ಆ ಮೂರು ವರ್ಷ ರಿಪೇರಿ ಮಾಡಿಸು ಅಂತ ನೀನು ಕೇಳ್ಲಿಲ್ವಾ?”

“ಕೇಳದೆ ಇರ್ತೀನಾ. ಆಗಿನ ಮ್ಯಾನೇಜರು ಬಂದು ಕೂರ್ತಿದ್ದ, ಕಾಲ ಮೇಲೆ ಕಾಲು ಹಾಕ್ಕೊಂಡು ಅರ್ಧ ಗಂಟೆ ಕೇಳ್ತಿದ್ದ. ‘ಏನೂ ಕಡಿಮೆ ಆದಂಗೆ ಕಾಣಲ್ವಲ್ಲಮ್ಮ’ ಅಂತ ಎದ್ದು ಹೋಗ್ತಿದ್ದ. ಚೆನ್ನಾಗಿ ನುಡಿಸಿದ್ದೇ ತಪ್ಪಾಯ್ತು. ಇನ್ನೂ ಕೇಳಿದ್ರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತಾನೆ ಅಂತ ಸುಮ್ಮನಾದೆ. ನೆಲ ನಿಜವಾಗ್ಲೂ ಡೊಂಕಿತ್ತು. ಹಾಗೇ ಕುಣಿದೆ.” ದೊಡ್ಡಮ್ಮ ಒಂದು ಕಾಯಿಯನ್ನು ಹಲ್ಲಿನಿಂದ ಸೀಳಿದಳು. “ಮೂರನೇ ಟೇಬಲ್ಲಲ್ಲಿ ನಿಮ್ಮ ಆ ಚಿನ್ನದ ಬೆರಳು ಕೂರ್ತಿದ್ದ. ಒಂದು ಕಾಫಿ ತಗೊಂಡು ಅದನ್ನ ಆರೋಕೆ ಬಿಟ್ಟು ನಾಲ್ಕು ಗಂಟೆ ಹೊತ್ತು. ಟೇಬಲ್ ಮೇಲೆ ಬೆರಳಾಡಿಸ್ತಿದ್ದ. ಒಂದಿನ ನೋಡ್ತೀನಿ, ಅವನ ಬೆರಳೂ ಆ ಜಾಗ ದಾಟ್ತಾ ಇದೆ. ಬರೀ ಮರದ ಟೇಬಲ್ ಮೇಲೆ.”

“ಹೇಳ್ಲಿಲ್ವಾ ಅವರಿಗೆ?”

ದೊಡ್ಡಮ್ಮ ಇನ್ನೆರಡು ಕಾಯಿ ಬಿಡಿಸಿದಳು. ಉತ್ತರಕ್ಕೆ ಕಾಯಿಸುವ ಹೆಂಗಸಲ್ಲ ಅವಳು. “ಹೇಳಬೇಕಿತ್ತು,” ಎಂದಳು ಕೊನೆಗೆ. “ನನಗೆ ಖುಷಿಯಾಗಿತ್ತು ಕಣೇ. ಇಷ್ಟು ಜನರಲ್ಲಿ ಒಬ್ಬನಾದ್ರೂ ನಾನು ಮಾಡೋದನ್ನ ಕಂಡ ಅಂತ. ಅಲ್ಲಿ ತಂತೀನೇ ಇಲ್ಲ ಕಣಪ್ಪ ಅಂತ ಹೇಳಿ ಆ ಖುಷೀನ ಯಾಕೆ ಕೆಡಿಸ್ಕೊಳ್ಳಲಿ ಅಂತ ಬಿಟ್ಟೆ. ಹೊಸ ಹಲಗೆ ಬರೋ ಹೊತ್ತಿಗೆ ಅವನು ಊರು ಬಿಟ್ಟಿದ್ದ. ಹಲಗೆ ಬಂದ ದಿನದಿಂದ ನಾನು ಆ ಸ್ವರಾನ ಹಬ್ಬದ ಥರ ನುಡಿಸಿದೆ. ಅವನು ಕೇಳ್ಲೇ ಇಲ್ಲ.”

“ಹಾಗಾದ್ರೆ ತಪ್ಪು ನಿಂದೂ ಇದೆ.”

“ಇದೆ. ಅದಕ್ಕೇ ಅವನ ಎದುರಿಗೇ ಆಗಬೇಕು. ಬೆನ್ನ ಹಿಂದೆ ಆಡಿದ್ರೆ ಹೊಟ್ಟೆಕಿಚ್ಚು ಅಂತಾರೆ. ಎದುರಿಗೆ ಆಡಿದ್ರೆ ಅದು ಮಾತು.”

“ನೀನೂ ಬರ್ತೀಯಾ?”

“ನನ್ನ ಮೊಳೆ ವಿಷಯಕ್ಕೆ ನಾನು ಬರದೆ ಪಕ್ಕದ ಮನೆಯೋರು ಬರ್ತಾರಾ.”

ಮುಂದಿನ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೇ ಶ್ರುತಿಯಮ್ಮ ಲೌಂಜಿಗೆ ಹೋದಳು. ಕುರ್ಚಿಗಳನ್ನು ಇನ್ನೂ ಜೋಡಿಸಿರಲಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ಬೋರ್ಡು ಬಂದು ಕೂತಿತ್ತು, ಮೇಲೆ ಬಿಳಿ ಬಟ್ಟೆ. ಅವಳು ಅದರ ಕಡೆ ನೋಡದೆ ಪಿಯಾನೊದ ಮುಂಭಾಗ ಬಿಚ್ಚಿ, ಆ ಕರಿ ಕೀಯನ್ನು ಮೆಲ್ಲಗೆ ಅಲುಗಿಸಿ ಮೇಲಕ್ಕೆತ್ತಿದಳು. ನುಡಿಸುವವರಿಗೆ ಕಾಣುವುದು ಒಂದು ಬೆರಳುದ್ದ. ಅದರ ಹಿಂದೆ ಕತ್ತಲಲ್ಲಿ ಮೊಳಕೈ ಉದ್ದದ ಮರದ ಪಟ್ಟಿ ಇರುತ್ತದೆ. ಪಟ್ಟಿಯ ಮಗ್ಗುಲಲ್ಲಿ ಅಪ್ಪನ ಅಕ್ಷರ ಇತ್ತು. ಪೆನ್ಸಿಲ್ಲು ಒಂದಿಷ್ಟೂ ಅಳಿಸಿರಲಿಲ್ಲ. ಎರಡು ಸಲ ಓದಿದಳು. ಮೂಗು ಒರೆಸಿಕೊಂಡು ಕೀಯನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದಳು. ಎಂಬತ್ತೇಳು ಸ್ವರಗಳನ್ನು ಮುಗಿಸಿ ಆ ಒಂದನ್ನು ಕೊನೆಗೆ ಇಟ್ಟುಕೊಂಡು, ಅದರ ಮೂರು ತಂತಿಗಳಿಗೆ ಉಳಿದ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟಳು.

ನಾಲ್ಕು ಗಂಟೆಗೆ ಲೌಂಜು ತುಂಬಿತು. ದೊಡ್ಡಮ್ಮ ಯಾರನ್ನೂ ಕೇಳದೆ ಮೂರನೇ ಟೇಬಲ್ಲಿಗೆ ಹೋಗಿ ಕೂತಳು. ಕಾಲ ಬಳಿ ಚೀಲ, ಚೀಲದಲ್ಲಿ ಫೋಟೊ. ಚಿನ್ನದ ಬೆರಳು ಬಂದರು. ತೆಳ್ಳಗಿನ ಮನುಷ್ಯ, ಬೆಳ್ಳಗಾದ ಕೂದಲು, ಮಾತು ಎಷ್ಟು ಮೆತ್ತಗೆಂದರೆ ಎಲ್ಲರೂ ಬಗ್ಗಿ ಕೇಳಬೇಕು. ಕೂರುವ ಮುಂಚೆ ಅವರ ಕಣ್ಣು ಮೂರನೇ ಟೇಬಲ್ಲಿಗೆ ಹೋಯಿತು, ಮತ್ತೊಮ್ಮೆ ಹೋಯಿತು. ಅಷ್ಟರಲ್ಲಿ ಪ್ರೊಫೆಸರು ಭಾಷಣ ಶುರುಮಾಡಿಬಿಟ್ಟರು.

ಭಾಷಣ ಅವರ ಪುಸ್ತಕದಷ್ಟೇ ಉದ್ದವಿತ್ತು. ತಡೆದ ಸ್ವರ ಬಂತು, ತ್ಯಾಗ ಬಂತು, ಖಾಲಿ ಆಸನ ಬಂತು. ಬಟ್ಟೆ ಸರಿಸಿದಾಗ ಬಿರುಗಾಳಿ, ನಿದ್ದೆಗಣ್ಣ ಇತ್ಯಾದಿ ಮಹಾನುಭಾವರ ಮೇಲೆ ಬಂಗಾರದ ಬಣ್ಣದಲ್ಲಿ ಚಿನ್ನದ ಬೆರಳು. ಚಪ್ಪಾಳೆ ಆಯಿತು. ಇನ್ನು ಅವರು ಒಂದಿಷ್ಟು ನುಡಿಸಬೇಕೆಂದು ಪ್ರೊಫೆಸರು ಕೇಳಿಕೊಂಡರು.

“ಒಂದು ನಿಮಿಷ,” ಎಂದು ಶ್ರುತಿಯಮ್ಮ ಎದ್ದಳು. “ಪಿಯಾನೊದ್ದು ಒಂದು ಕೆಲಸ ಬಾಕಿ ಇದೆ.”

ಕೈಯಲ್ಲಿ ಉಪಕರಣ ಹಿಡಿದವರನ್ನು ಯಾವ ಸಭೆಯಲ್ಲೂ ಯಾರೂ ತಡೆಯುವುದಿಲ್ಲ. ಅವಳು ಮುಂಭಾಗದ ಹಲಗೆ ಬಿಚ್ಚಿ ನೆಲಕ್ಕಿಟ್ಟಳು. ಆ ಕರಿ ಕೀಯನ್ನು ಹಿಡಿದು, ಅಲುಗಿಸಿ, ಪೂರ್ತಿ ಹೊರಗೆಳೆದಳು. ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಸಾಲಿನ ನಡುವೆ ಕಪ್ಪು ಸಂದು ಬಾಯಿಬಿಟ್ಟುಕೊಂಡಿತ್ತು.

“ಸರ್, ನೀವು ಇದನ್ನ ಮುಟ್ಟೋದೇ ಇಲ್ಲ ಅಂತ ಪ್ರೊಫೆಸರು ಈಗ ತಾನೆ ಹೇಳಿದ್ರು,” ಎಂದಳು ಅವಳು. “ಇದು ನನ್ನ ಹತ್ರ ಇರಲಿ. ನೀವು ನುಡಿಸಿ.”

ಮ್ಯಾನೇಜರು ಮುಖ ಕೆಂಪಗೆ ಮಾಡಿಕೊಂಡು ಓಡಿ ಬಂದರು. “ಏನಮ್ಮ ಇದು? ಅತಿಥಿಗಳ ಮುಂದೆ ನಮ್ಮ ಮರ್ಯಾದೆ ಏನಾಗಬೇಕು? ಇನ್ನು ಮೇಲೆ ನೀವು ಇಲ್ಲಿಗೆ ಬರೋದೇ ಬೇಡ.”

“ಬರಲ್ಲ. ಈ ಊರಲ್ಲಿ ಪಿಯಾನೊ ಶ್ರುತಿ ಮಾಡೋರು ಇನ್ಯಾರಿದ್ದಾರೆ ಅಂತ ಹುಡುಕಿಟ್ಕೊಳ್ಳಿ.” ಇನ್ಯಾರೂ ಇರಲಿಲ್ಲ. ಅದು ಮ್ಯಾನೇಜರಿಗೂ ಗೊತ್ತಿತ್ತು.

ಚಿನ್ನದ ಬೆರಳು ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಆ ಸಂದನ್ನು ಸ್ವಲ್ಪ ಹೊತ್ತು ನೋಡಿದರು. ಕೂತರು, ನುಡಿಸಿದರು.

ಸುಳ್ಳು ಯಾಕೆ ಹೇಳಬೇಕು, ಮನುಷ್ಯ ದೊಡ್ಡ ವಾದಕ. ಶ್ರುತಿಯಮ್ಮ ಕೋಪ ಕಟ್ಟಿಕೊಂಡು ಕೇಳಲು ನಿಂತವಳು, ಐದು ನಿಮಿಷದಲ್ಲಿ ಆ ಕೋಪ ಎಲ್ಲಿಟ್ಟೆನೆಂದು ಹುಡುಕುವ ಹಾಗಾದಳು. ಎಡಗೈ ನಿಧಾನವಾಗಿ ನಡೆಯುತ್ತಿತ್ತು, ಬಲಗೈ ಅದನ್ನು ಕೆಣಕಿ ಕೆಣಕಿ ಓಡುತ್ತಿತ್ತು. ಸಂದು ಬಂದಾಗಲೆಲ್ಲ ಕೆಳಗಿನದನ್ನು ತಾಕಿ, ತಡೆದು, ಮೇಲಿನದಕ್ಕೆ ದಾಟು. ಆ ದಾಟುಗಳಲ್ಲಿ ಒಂದೊಂದನ್ನೂ ಅವಳು ಬಲ್ಲಳು. ಮೂರನೇ ಟೇಬಲ್ಲಿನ ಮೇಲೆ ದೊಡ್ಡಮ್ಮನ ಸೊಟ್ಟ ಬೆರಳುಗಳು ಆಡುತ್ತಿದ್ದವು. ಪ್ರತಿ ಸಲವೂ ದಾಟುವ ಜಾಗಕ್ಕೆ ಅವು ಚಿನ್ನದ ಬೆರಳಿಗಿಂತ ಅರ್ಧ ಕ್ಷಣ ಮುಂಚೆಯೇ ತಲುಪುತ್ತಿದ್ದವು.

ಹನ್ನೆರಡು ನಿಮಿಷ ನುಡಿಸಿದರು. ಇಲ್ಲದ ಕೀಗಾಗಿ ಬೆರಳು ಒಮ್ಮೆಯೂ ತಡಕಾಡಲಿಲ್ಲ.

“ಹಲ್ಲು ಕಿತ್ರೂ ಅಗಿಯೋಕೆ ತೊಂದರೆ ಆಗ್ಲಿಲ್ಲ,” ಎಂದರು ಹಲ್ಲಿನ ಡಾಕ್ಟರು, ಚಪ್ಪಾಳೆಯ ನಡುವೆ.

ಪ್ರೊಫೆಸರು ಗೆದ್ದವರ ಹಾಗೆ ಎದ್ದರು. “ನೋಡಿದ್ರಾ? ಅದೇ ನಾನು ಹೇಳೋದು. ಆ ಸ್ವರದ ಅಗತ್ಯಾನೇ ಅವರಿಗಿಲ್ಲ. ಈಗ ನಿಮ್ಮ ಪುರಾವೆ ಎಲ್ಲಮ್ಮ?”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸರ್. ತಗೊಳ್ಳಿ, ಓದಿ. ಗಟ್ಟಿಯಾಗಿ ಓದಿ.”

ಮೂವತ್ತು ವರ್ಷ ಪಾಠ ಮಾಡಿದವರ ಕೈಗೆ ಬರಹ ಸಿಕ್ಕರೆ ಬಾಯಿ ತಾನಾಗಿ ಓದುತ್ತದೆ. ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು, ಮರದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತರಗತಿಯ ದನಿಯಲ್ಲಿ ಶುರುಮಾಡಿದರು. ಮೊದಲು ತಾರೀಖು, ನಲವತ್ತು ವರ್ಷದ ಹಿಂದಿನದು. “ಬಿರಡೆ ಹಲಗೆ ಬಿರುಕು. ಮೂರು ತಂತಿ ತೆಗೆದಿದೆ. ಹೊಸ ಹಲಗೆ ಬರುವ ತನಕ ಈ ಸ್ವರ ಇಲ್ಲ. ನುಡಿಸುವ ಅತ್ತಿಗೆಯವರು, ಪರವಾಗಿಲ್ಲ, ದಾಟಿಕೊಳ್ಳುತ್ತೇನೆ ಎಂದಿದ್ದಾರೆ.” ಕೆಳಗೆ ರುಜು. ಅದರ ಕೆಳಗೆ ಇನ್ನೊಂದು ತಾರೀಖು, ಮೂರು ವರ್ಷದ ನಂತರದ್ದು. ಅಲ್ಲಿಗೆ ಬರುವಾಗ ಅವರ ದನಿ ತರಗತಿಯಿಂದ ಇಳಿದು ಮೆಟ್ಟಿಲ ಮೇಲಿತ್ತು. “ಹೊಸ ಹಲಗೆ ಹಾಕಿದೆ. ಸ್ವರ ಬಂತು. ಅತ್ತಿಗೆಯವರು ದಿನವಿಡೀ ಅದನ್ನೇ ನುಡಿಸಿದರು.”

ಚಿನ್ನದ ಬೆರಳು ಪಿಯಾನೊದ ಮುಂದಿನಿಂದ ಎದ್ದು ಮೂರನೇ ಟೇಬಲ್ಲಿನ ಹತ್ತಿರ ಬಂದು ನಿಂತರು.

“ನೀವು ಬೇಕಂತಲೇ ಬಿಡ್ತಿದ್ರಿ ಅಂದ್ಕೊಂಡಿದ್ದೆ.”

“ಇಲ್ಲದ್ದನ್ನ ಬಿಟ್ಟೆ. ಇದ್ದಿದ್ರೆ ನಾನ್ಯಾಕಪ್ಪ ಬಿಡ್ಲಿ,” ಎಂದಳು ದೊಡ್ಡಮ್ಮ. “ನಿನಗೆ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಇವತ್ತು ಹೇಳಿದ್ದೀನಿ.”

“ನಲವತ್ತು ವರ್ಷ, ಅಮ್ಮ.” ಮೆತ್ತಗಿನ ದನಿ ಈಗ ಗಟ್ಟಿಯಾಗಿತ್ತು. “ನಾನು ಕಟ್ಟಿದ್ದೆಲ್ಲ ಅದರ ಮೇಲೇ ಕಟ್ಟಿದ್ದೀನಿ. ಈಗ ಕೆಡವು ಅಂತೀರಾ?”

“ನಾನೆಲ್ಲಿ ಕೆಡವು ಅಂದೆ. ಚೆನ್ನಾಗೇ ಕಟ್ಟಿದ್ದೀಯ, ಈಗ ತಾನೆ ಕೇಳಿದ್ನಲ್ಲ. ಒಂದು ಕಿಟಕಿ ಮುಚ್ಚೇ ಇದೆ. ತೆಗಿ ಅಂದೆ.”

ಪ್ರೊಫೆಸರು ಗಂಟಲು ಸರಿಮಾಡಿಕೊಂಡರು. ಅವರೂ ಸೋಲೊಪ್ಪುವ ಮನುಷ್ಯರಲ್ಲ, ಬಿದ್ದಲ್ಲೇ ಎದ್ದು ಕೂರುವವರು. “ಇದು ಬಹಳ ಮುಖ್ಯವಾದ ದಾಖಲೆ. ಸಂಘದ ಪರವಾಗಿ ಹೇಳ್ತೀನಿ, ಪಟ್ಟಿಯಲ್ಲಿ ವಿಶೇಷವಾಗಿ ಒಂದು ಹನ್ನೊಂದನೇ ಜಾಗ ಮಾಡಿ, ನಿಮ್ಮ ಹೆಸರು...”

ದೊಡ್ಡಮ್ಮ ಟೇಬಲ್ಲಿಗೆ ಕೈಯೂರಿ ಎದ್ದು ನಿಂತಳು. “ಹನ್ನೊಂದನೇದು ಬೇಡ ಮೇಷ್ಟ್ರೇ. ಒಂದನೇದು ಕೊಟ್ರೂ ಬೇಡ. ಜನ ಟೀ ಕುಡೀತಿರುವಾಗ ನುಡಿಸ್ದೆ ಅಂದ್ರಂತೆ. ಹೌದು, ನುಡಿಸ್ದೆ. ಮುಂದೆ ಕೂತೋರು ನನ್ನ ಕಡೆ ನೋಡ್ಲಿ ಬಿಡ್ಲಿ, ಮೂವತ್ತೊಂದು ವರ್ಷದಲ್ಲಿ ಒಂದಿನಾನೂ ಕಾಟಾಚಾರಕ್ಕೆ ನುಡಿಸಲಿಲ್ಲ. ನಾನು ಎಷ್ಟನೆಯವಳು ಅಂತ ನನಗೆ ಗೊತ್ತು, ನೀವು ಬರೆಯೋದು ಬೇಕಾಗಿಲ್ಲ. ನನ್ನ ಮೊಳೆ ನನಗೆ ಕೊಡಿ.”

ಮ್ಯಾನೇಜರು ಪ್ರೊಫೆಸರ ಮುಖ ನೋಡಿದರು. ಪ್ರೊಫೆಸರು ಅಡ್ಡಗೋಡೆಯ ಮೇಲೆ ದೀಪ ಇಟ್ಟಹಾಗೆ, ಸಂಘದ ತೀರ್ಮಾನ, ಮುಂದಿನ ಸಭೆ ಎಂದೇನೋ ಅಂದರು. ಶ್ರುತಿಯಮ್ಮ ಕಾಯಲಿಲ್ಲ. ಬಾಗಿಲ ಪಕ್ಕಕ್ಕೆ ನಡೆದು, ಬೋರ್ಡನ್ನು ಮೊಳೆಯಿಂದ ಎತ್ತಿ, ಹತ್ತು ಮಹಾನುಭಾವರನ್ನೂ ಒಟ್ಟಿಗೆ ತಂದು ಪ್ರೊಫೆಸರ ಕೈಯಲ್ಲಿಟ್ಟು, ಅದಕ್ಕೆ ಬದಲು ಮರದ ಪಟ್ಟಿಯನ್ನು ವಾಪಸ್ಸು ತೆಗೆದುಕೊಂಡಳು. ದೊಡ್ಡಮ್ಮ ಫೋಟೊ ಹಿಡಿದು ಬಂದಳು. ಹಲ್ಲಿನ ಡಾಕ್ಟರು ಓಡಿ ಹೋಗಿ ಕುರ್ಚಿ ತಂದರು, ಅದನ್ನು ಅವಳು ಪಕ್ಕಕ್ಕೆ ಸರಿಸಿದಳು. ಆ ಬೆರಳುಗಳಿಗೆ ದಾರವನ್ನು ಮೊಳೆಗೆ ಸಿಕ್ಕಿಸಲು ಮೂರು ಸಲ ಬೇಕಾಯಿತು. ಯಾರೂ ಸಹಾಯಕ್ಕೆ ಹೋಗುವ ಧೈರ್ಯ ಮಾಡಲಿಲ್ಲ. ಮೂರನೆಯ ಸಲ ಫೋಟೊ ತನ್ನ ಚೌಕದಲ್ಲಿ ಕೂತಿತು.

ಶ್ರುತಿಯಮ್ಮ ಪಿಯಾನೊದ ಬಳಿ ಪೆನ್ಸಿಲ್ಲು ತೆಗೆದಳು. ಅಪ್ಪನ ಎರಡು ತಾರೀಖಿನ ಕೆಳಗೆ ಆ ದಿನದ ತಾರೀಖು ಬರೆದು, ‘ಹೇಳಿಯಾಯಿತು’ ಎಂದು ಸೇರಿಸಿ ರುಜು ಹಾಕಿದಳು. ಕೀಯನ್ನು ಅದರ ಸಂದಿನಲ್ಲಿ ಕೂರಿಸಿ, ಹಲಗೆ ಮುಚ್ಚಿ, ಪಕ್ಕಕ್ಕೆ ಸರಿದಳು.

ಚಿನ್ನದ ಬೆರಳು ಬಂದು ಕೂತರು. ದೊಡ್ಡಮ್ಮ ಹೇಳದೆ ಕೇಳದೆ ಅದೇ ಬೆಂಚಿನ ತುದಿಯಲ್ಲಿ ಕೂತಳು. ಅವರ ಬೆರಳು ಆ ಕರಿ ಕೀಯ ಹತ್ತಿರ ಹೋಗಿ ಹಿಂದಕ್ಕೆ ಬಂತು. ಮತ್ತೆ ಹೋಗಿ ಮತ್ತೆ ಬಂತು. ದೇಶದೇಶಗಳಲ್ಲಿ ನುಡಿಸಿದ ಅರವತ್ತರ ಹತ್ತಿರದ ಗಂಡಸು, ಹಣೆಯ ಮೇಲೆ ಬೆವರು.

“ಹೂಂ,” ಎಂದಳು ದೊಡ್ಡಮ್ಮ.

ಅವರು ಒತ್ತಿದರು. ಮೂರು ತಂತಿಗಳೂ ಒಂದೇ ದನಿಯಲ್ಲಿ ನುಡಿದವು, ಎಳ್ಳಷ್ಟೂ ಆಚೀಚೆ ಇಲ್ಲದೆ. ಮೂವತ್ತೇಳು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಆ ಸ್ವರವನ್ನು ಮೊದಲು ಅಪ್ಪ, ಆಮೇಲೆ ಶ್ರುತಿಯಮ್ಮ ಕೂಡಿಸುತ್ತ ಬಂದಿದ್ದರು.

“ಇನ್ನೊಂದ್ಸಲ,” ಎಂದಳು ದೊಡ್ಡಮ್ಮ. “ಈ ಸಲ ಹೆದರ್ಕೋಬೇಡ.”